ಮಡಚೋ ಸೈಕಲ್ ಮಾರಬೇಡ, ಟೈರ್ ಬದಲಿಸು

"ಅಕ್ಕಾ, ಮ್ಯೂನಿಕ್‌ಗೆ ಬಂದು ಎರಡು ತಿಂಗಳಾಯ್ತು. ಸೆಕೆಂಡ್ ಹ್ಯಾಂಡಲ್ಲಿ 20 ಇಂಚಿನ ಮಡಚೋ ಸೈಕಲ್ ತಗೊಂಡೆ. ವಾರಕ್ಕೇ ಸೊಂಟ ಹಿಡ್ಕೊಳ್ತು, ಕತ್ತಲಾದ್ರೆ ಭಯ. ಮಾರಿ ದೊಡ್ಡ ಸೈಕಲ್ ತಗೊಳ್ಳಲಾ?" ಅಂತ ಕೇಳಿದ್ದೀಯ.

ಬೇಡ ಪುಟ್ಟಿ. ಇಲ್ಲಿ ವಾರದ ದಿನ ಬೆಳಗ್ಗೆ 6ರಿಂದ 9, ಸಂಜೆ 4ರಿಂದ 6ರವರೆಗೆ ದೊಡ್ಡ ಸೈಕಲನ್ನು ಎಸ್-ಬಾನ್ (ಲೋಕಲ್ ರೈಲು), ಯು-ಬಾನ್ (ಮೆಟ್ರೋ) ಒಳಗೆ ಒಯ್ಯುವ ಹಾಗಿಲ್ಲ. ಸರಿಯಾಗಿ ನೀನು ಆಫೀಸಿಗೆ ಹೋಗಿ ಬರುವ ಹೊತ್ತು, ಅಲ್ವಾ? ಮಡಚಿದ್ದಕ್ಕೆ ಆ ತಕರಾರಿಲ್ಲ, ಅದಕ್ಕೆ ಬೇರೆ ಟಿಕೆಟ್ಟೂ ಬೇಡ.

ಸೊಂಟ ನೋವು ಅಂದ ಕೂಡಲೇ ಎಲ್ಲರೂ ಮೆತ್ತನೆ ಸೀಟು ಹುಡುಕುತ್ತಾರೆ. ನಾನೂ ಹುಡುಕಿದೆ, ದುಡ್ಡು ದಂಡ. ತೊಂದರೆ ಇರುವುದು ಟೈರಿನಲ್ಲಿ. ಚಕ್ರ ಸಣ್ಣದಾದಷ್ಟೂ ಹಳ್ಳ ದೊಡ್ಡದು. ಜತೆಗೆ ಟೈರ್ ತೆಳ್ಳಗಿದ್ದು ಗಾಳಿ ಕಲ್ಲಿನಂತೆ ತುಂಬಿದ್ದರೆ, ಇಲ್ಲಿನ ಹಳೇ ಕಲ್ಲುಹಾಸಿನ ಬೀದಿಯ ಒಂದೊಂದು ಕಲ್ಲೂ ಬೆನ್ನಿಗೆ ಲೆಕ್ಕ ಒಪ್ಪಿಸುತ್ತದೆ. ನಿನ್ನ ಟೈರಿನ ಪಕ್ಕದಲ್ಲಿ 40-406 ಅಂತಲೋ ಏನೋ ಬರೆದಿರುತ್ತದೆ, ಬಗ್ಗಿ ನೋಡು. ಮೊದಲನೆಯದು ದಪ್ಪ, ಎರಡನೆಯದು ರಿಮ್ಮಿನ ಅಳತೆ, ಎರಡೂ ಮಿಲಿಮೀಟರಿನಲ್ಲಿ. 20 ಇಂಚು ಅಂತ ಹೇಳಿಕೊಂಡೇ 451 ಅಳತೆಯ ರಿಮ್ಮೂ ಬರುತ್ತದೆ, ಅದಕ್ಕೆ 406ರ ಟೈರ್ ಕೂರುವುದಿಲ್ಲ. ನಾನು ಹಾಕಿರುವುದು ಶ್ವಾಲ್ಬೆ ಕಂಪನಿಯ ಬಿಗ್ ಆ್ಯಪಲ್ ಅನ್ನುವ ದಪ್ಪ ಟೈರ್, 50-406. ಗಾಳಿಯ ಒತ್ತಡ ಸುಮಾರು 3 ಬಾರ್. ಹಾಕಿದ ದಿನ ರಸ್ತೆಯನ್ನೇ ಬದಲಿಸಿದ್ದಾರೇನೋ ಅನ್ನಿಸಿತು! ಮಡ್‌ಗಾರ್ಡ್‌ಗೂ ಬ್ರೇಕಿಗೂ ತಾಗದಷ್ಟು ಜಾಗ ಇದೆಯಾ ಅಂತ ಮಾತ್ರ ಮೊದಲೇ ಅಳೆದುಕೋ. ಸ್ಪ್ರಿಂಗ್ ಇರುವ ಸೀಟ್ ಪೈಪ್ ಸದ್ಯಕ್ಕೆ ಬೇಡ. ಮಡಚೋ ಸೈಕಲಿನ ಪೈಪ್ ಜಾಸ್ತಿ ದಪ್ಪ, ಎಷ್ಟೋ ಮಾಡೆಲ್‌ಗಳಲ್ಲಿ 33.9 ಮಿ.ಮೀ. ಇರುತ್ತದೆ, ಸರಿಹೊಂದುವುದು ಸಿಗಲು ಪರದಾಡಬೇಕು.

ದಪ್ಪ ಟೈರಿನಿಂದ ಟ್ರಾಮ್ ಹಳಿಯಲ್ಲೂ ಸ್ವಲ್ಪ ಧೈರ್ಯ. ಸ್ವಲ್ಪವೇ. ನಾನು ಬಂದ ವರ್ಷ ಅಕ್ಟೋಬರ್ ಮಳೆಯಲ್ಲಿ ಸೆಂಡ್ಲಿಂಗರ್ ಟೋರ್ ಹತ್ತಿರ ಹಳಿಯನ್ನು ಓರೆಯಾಗಿ ದಾಟಲು ಹೋದೆ. ಮುಂದಿನ ಚಕ್ರ ಸಂದಿಗೆ ಇಳಿಯಿತು. ಗಾಬರಿಯಲ್ಲಿ ಎಡಗೈ ಬ್ರೇಕ್ ಗಟ್ಟಿಯಾಗಿ ಹಿಡಿದೆ. ನಮ್ಮೂರಲ್ಲಿ ಅದು ಹಿಂದಿನ ಬ್ರೇಕ್ ತಾನೇ? ಇಲ್ಲಿ ಸಾಮಾನ್ಯವಾಗಿ ಎಡಗೈಯದು ಮುಂದಿನದು. ಮೊಣಕೈ ತರಚಿತು, ಟಿಫಿನ್ ಡಬ್ಬಿಯ ಚಿತ್ರಾನ್ನ ಹಳಿ ಮೇಲೆ ಚೆಲ್ಲಿತು. ಹಿಂದೆ ಬಂದ ಟ್ರಾಮ್ ಡ್ರೈವರ್ ಪಾಪ ನಿಲ್ಲಿಸಿ ಕಾದ. ಹಳಿಯನ್ನು ಯಾವಾಗಲೂ ನೇರವಾಗಿ ಅಡ್ಡ ದಾಟು. ಮಳೆ ಇದ್ದರೆ ಇಳಿದು ತಳ್ಳಿದರೂ ಮಾನ ಹೋಗುವುದಿಲ್ಲ.

ಬ್ರೇಕ್ ಕೇಬಲ್ ಅದಲುಬದಲು ಮಾಡಿಸಬಹುದು, ನಾನು ಮಾಡಿಸಲಿಲ್ಲ. ನಾಳೆ ಬಾಡಿಗೆ ಸೈಕಲ್ ಹತ್ತಿದರೆ ಮತ್ತೆ ಅದೇ ಗೊಂದಲ. ಎಡ ಹಿಡಿಗೆ ಬಿಳಿ ಟೇಪ್ ಸುತ್ತಿ, ಪೆನ್ನಲ್ಲಿ "ಮುಂ" ಅಂತ ಬರೆದಿಟ್ಟಿದ್ದೆ. ಆಫೀಸಿನಲ್ಲಿ ಒಬ್ಬರು ಇದೇನು ಮಂತ್ರವಾ ಅಂತ ಕೇಳಿದರು. ಇನ್ನೊಂದು, ಬೋರ್ಡು ಸಿಗ್ನಲ್ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು.

ದೀಪದ ವಿಷಯದಲ್ಲಿ ಜುಗ್ಗತನ ಬೇಡ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂಕಾಲು ದಾಟುತ್ತಲೇ ಸೂರ್ಯ ಮುಳುಗುತ್ತಾನೆ. 2013ರಿಂದ ಬ್ಯಾಟರಿ ದೀಪಕ್ಕೂ ಅನುಮತಿ ಇರುವುದರಿಂದ ಡೈನಮೋ ಹಾಕಿಸಲೇಬೇಕು ಅಂತಿಲ್ಲ. ಆದರೆ ದೀಪದ ಮೇಲೆ ಅಲೆಯಂಥ ಗೆರೆ, ಪಕ್ಕದಲ್ಲಿ ಇಂಗ್ಲಿಷಿನ ಕೆ ಅಕ್ಷರ, ಜತೆಗೊಂದು ನಂಬರ್ ಇರಬೇಕು, ಅದೇ ಇಲ್ಲಿನ ಒಪ್ಪಿಗೆಯ ಗುರುತು. ಆನ್‌ಲೈನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ದೀಪಗಳಲ್ಲಿ ಇದು ಇರುವುದಿಲ್ಲ. ಆರಿ ಹತ್ತಿ ಮಿಣಮಿಣ ಅನ್ನುವ ದೀಪಕ್ಕೆ ಜರ್ಮನಿಯಲ್ಲಿ ಒಪ್ಪಿಗೆಯಿಲ್ಲ. ಬೆಲ್ ಕಡ್ಡಾಯ. ಹೆಲ್ಮೆಟ್ ಕಡ್ಡಾಯವಲ್ಲ, ಆದರೂ ಹಾಕಿಕೋ.

ದಿನಾ ಹೊರಡುವ ಮುಂಚೆ ನಡುವಿನ ಲಾಕು, ಹ್ಯಾಂಡಲ್ ಬುಡದ ಲಾಕು ಎರಡನ್ನೂ ಕೈಯಿಂದ ಅಲುಗಿಸಿ ನೋಡು. ಕಟಕಟ ಅಂದರೆ ಹತ್ತಬೇಡ.

ಟೈರ್ ನಂಬರಿನ ಫೋಟೋ ಕಳಿಸು. ಶನಿವಾರ ಸೈಕಲ್ ತಗೊಂಡು ಮನೆಗೇ ಬಾ, ನಾನೇ ಹಾಕಿಕೊಡುತ್ತೇನೆ. ಊಟಕ್ಕೆ ಬಿಸಿಬೇಳೆಬಾತ್ ಮಾಡ್ತೀನಿ, ಬೂಂದಿ ನೀನು ತಾ.