ಗ್ಯಾರೇಜಿನ ಅಂಚೆ: ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಒಂದು ಕಾಲಕ್ಕೆ ಕಂಪನಿಯ ನಿರ್ದೇಶಕರು ಹಿಂದಿನ ಸೀಟಿನಲ್ಲಿ ಕೂತು ಓಡಾಡಿದ ಕಾರು ಈಗ ಸಣ್ಣ ಹೊಸ ಕಾರಿನ ಬೆಲೆಗೆ ಮನೆಗೆ ಬಂದಿದೆ. ತಿಂಗಳೊಪ್ಪತ್ತಿನಲ್ಲಿ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿಕೊಂಡಿದೆ. ಕಾರು ಅಗ್ಗವಾದರೂ ಅದರ ಬಿಡಿಭಾಗ ಅಗ್ಗವಾಗುವುದಿಲ್ಲ ಎಂಬುದು ಆಗ ತಿಳಿಯುತ್ತದೆ.

ಪ್ರಶ್ನೆ: ನನ್ನದು 2004ರ ಮರ್ಸಿಡಿಸ್ ಇ-ಕ್ಲಾಸ್. ತೋಟದ ಮನೆಯಲ್ಲಿ ವಾರಗಟ್ಟಲೆ ನಿಂತಿರುತ್ತದೆ. ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವುದು), ಇಎಸ್‌ಪಿ (ಕಾರು ಜಾರದಂತೆ ಹಿಡಿಯುವುದು) ದೀಪಗಳು ಉರಿಯುತ್ತವೆ, ಬ್ಯಾಟರಿಯ ಕೆಂಪು ಚಿಹ್ನೆ ಬರುತ್ತದೆ, ಕೆಲವೊಮ್ಮೆ ಬ್ರೇಕ್ ಬಗ್ಗೆಯೂ ಸಂದೇಶ ಬರುತ್ತದೆ. ಒಬ್ಬ ಮೆಕ್ಯಾನಿಕ್ ಎಬಿಎಸ್ ಯೂನಿಟ್ ಹೋಗಿದೆ ಎಂದ, ಇನ್ನೊಬ್ಬ ಡೈನಮೋ ಎಂದ, ಮತ್ತೊಬ್ಬ ಕಂಪ್ಯೂಟರ್ ಬದಲಿಸಬೇಕು ಎಂದ. ಯಾರನ್ನು ನಂಬಲಿ?
– ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಸದ್ಯಕ್ಕೆ ಯಾರನ್ನೂ ನಂಬಬೇಡಿ ಸ್ವಾಮಿ. ಮೂವರಲ್ಲಿ ಒಬ್ಬರೂ ಡಿಕ್ಕಿಯ ನೆಲಹಾಸು ಎತ್ತಿ ನೋಡಿದಂತೆ ಕಾಣುವುದಿಲ್ಲ. ನಿಮ್ಮ ಕಾರಿನ ಮುಖ್ಯ ಬ್ಯಾಟರಿ ಇರುವುದು ಅಲ್ಲಿ, ಬಲಗಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಕಥೆ ಇಂಥ ಕಾರುಗಳಲ್ಲಿ ದಿನವೂ ನಡೆಯುತ್ತದೆ.

ಆಗುವುದು ಇಷ್ಟು. ಈ ಕಾರಿನಲ್ಲಿ ಎಂಜಿನ್, ಗೇರ್, ಬ್ರೇಕ್, ಬಾಗಿಲು, ಸೀಟು ಎಲ್ಲಕ್ಕೂ ಬೇರೆಬೇರೆ ಕಂಪ್ಯೂಟರುಗಳಿವೆ. ಅವು ಜೋಡಿ ವೈರುಗಳ ಮೇಲೆ ಸದಾ ಮಾತಾಡಿಕೊಂಡಿರುತ್ತವೆ. ಸೆಲ್ಫ್ ಹೊಡೆದ ಕ್ಷಣ ಬಡ ಬ್ಯಾಟರಿಯ ವೋಲ್ಟೇಜ್ ಕುಸಿದರೆ ಅವುಗಳಲ್ಲಿ ಒಂದೆರಡು ಕಣ್ಣು ಮುಚ್ಚಿ ತೆರೆಯುತ್ತವೆ. ಆ ಹೊತ್ತಿನಲ್ಲಿ ಉತ್ತರ ಕೊಡದವನ ಮೇಲೆ ಪಕ್ಕದವನು ದೂರು ಬರೆದಿಡುತ್ತಾನೆ, ದೂರು ಬರೆದವನ ದೀಪ ಉರಿಯುತ್ತದೆ. ಸ್ಕ್ಯಾನರ್ ಹಾಕಿದ ಹುಡುಗ ಓದುವುದು ಆ ದೂರನ್ನು, ರೋಗವನ್ನಲ್ಲ.

ಒಂದು ಮಲ್ಟಿಮೀಟರ್ ಕೊಳ್ಳಿ. ಸಾಧಾರಣದ್ದೇ ಸಾಕು, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12.2 ಬಂದರೆ ಅರ್ಧ ಖಾಲಿ, 12ಕ್ಕಿಂತ ಕೆಳಗೆ ಬಂದರೆ ಉಳಿದ ಪರೀಕ್ಷೆಗಳೆಲ್ಲ ಚಾರ್ಜ್ ಮಾಡಿದ ಮೇಲೆ. ಮನೆಯವರೊಬ್ಬರನ್ನು ಸೆಲ್ಫ್ ಹೊಡೆಯಲು ಹೇಳಿ, ಮೀಟರ್ ನೋಡುತ್ತಿರಿ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಆಯಸ್ಸು ಮುಗಿದಿದೆ. ಎಂಜಿನ್ ಓಡುತ್ತಿರುವಾಗ 13.8ರಿಂದ 14.4ರ ನಡುವೆ ಇದ್ದರೆ ಡೈನಮೋ ನಿರಪರಾಧಿ. ಬ್ಯಾಟರಿಯೂ ಚಾರ್ಜಿಂಗೂ ಸರಿಯಿದ್ದು ದೀಪ ಹೋಗದಿದ್ದರೆ ಎಂಜಿನ್ನಿನಿಂದ ಬಾಡಿಗೆ ಬರುವ ಅರ್ತಿಂಗ್ ಪಟ್ಟಿಯನ್ನು ಬಿಚ್ಚಿ, ಹಸಿರು ಕಿಲುಬು ಉಜ್ಜಿ ತೆಗೆದು, ಮತ್ತೆ ಬಿಗಿ ಮಾಡಿ. ಮಲೆನಾಡಿನ ತೇವಕ್ಕೆ ಅದು ಬೇಗ ಹಾಳಾಗುತ್ತದೆ.

ಬ್ಯಾಟರಿ ಬದಲಿಸುವುದಾದರೆ ಎಜಿಎಂ (ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಟ್ಟುಕೊಂಡ) ಬಗೆಯದನ್ನೇ ಹಾಕಿ. ಗಾಳಿಯನ್ನು ಹೊರಗೆ ಬಿಡುವ ಸಣ್ಣ ನಳಿಕೆ ಇರುತ್ತದೆ, ಅದನ್ನು ಮರೆಯದೆ ಸಿಕ್ಕಿಸಿ. ಬ್ಯಾಟರಿ ಇರುವುದು ಜನ ಕೂರುವ ಜಾಗದ ಬೆನ್ನಿಗೇ.

ಇನ್ನು ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಚಿಂತೆ ತಂದ ಸಾಲು ಬ್ರೇಕ್ ಸಂದೇಶದ್ದು. ಈ ಪೀಳಿಗೆಯ ಇ-ಕ್ಲಾಸಿನಲ್ಲಿ 2006ರಲ್ಲಿ ರೂಪ ಬದಲಾಗುವವರೆಗೆ ಎಸ್‌ಬಿಸಿ ಎಂಬ ಬ್ರೇಕ್ ವ್ಯವಸ್ಥೆ ಇತ್ತು. ನೀವು ತುಳಿಯುವುದು ಪೆಡಲ್ ಮಾತ್ರ. ಎಷ್ಟು ತುಳಿದಿರಿ ಎಂಬುದನ್ನು ಕಂಪ್ಯೂಟರ್ ಓದಿ, ಮೊದಲೇ ಒತ್ತಡ ತುಂಬಿಟ್ಟ ಎಣ್ಣೆಯನ್ನು ಚಕ್ರಗಳಿಗೆ ಹಂಚುತ್ತದೆ. ಬಾಗಿಲು ತೆರೆದಾಗ ಬಾನೆಟ್ ಒಳಗೆ ಗುರ್ ಎಂದು ಸಣ್ಣ ಸದ್ದು ಕೇಳುತ್ತದಲ್ಲ, ಅದು ಆ ಪಂಪು. ವಿದ್ಯುತ್ ಕೈಕೊಟ್ಟರೆ ಇರಲಿ ಎಂದು ಎಂಜಿನ್ ಕೋಣೆಯಲ್ಲಿ ಇನ್ನೊಂದು ಚಿಕ್ಕ ಬ್ಯಾಟರಿ ಇಟ್ಟಿದ್ದಾರೆ, 12 ಆಂಪಿಯರ್-ಅವರ್‌ನದು. ಕಾರು ಕೈಯಿಂದ ಕೈಗೆ ದಾಟುವಾಗ ದೊಡ್ಡದನ್ನು ಎಲ್ಲರೂ ಬದಲಿಸುತ್ತಾರೆ, ಚಿಕ್ಕದರ ನೆನಪು ಯಾರಿಗೂ ಇರುವುದಿಲ್ಲ. ಅದನ್ನೂ ಅಳೆದು ನೋಡಿ.

ಎರಡೂ ಬ್ಯಾಟರಿ ಸರಿಯಿದ್ದು ಕೆಂಪು ಬ್ರೇಕ್ ಸಂದೇಶ ಮತ್ತೆ ಬಂದರೆ ಅದನ್ನು ಅಕ್ಷರಶಃ ನಂಬಿ. ಈ ಪಂಪ್ ತಾನು ಎಷ್ಟು ಸಲ ಕೆಲಸ ಮಾಡಿದೆ ಎಂದು ಲೆಕ್ಕ ಇಡುತ್ತದೆ, ಮಿತಿ ತಲುಪಿದಾಗ ಹೇಳುತ್ತದೆ. ವ್ಯವಸ್ಥೆ ಪೂರ್ತಿ ಸೋತರೆ ಪೆಡಲ್ ಆಳಕ್ಕೆ ಹೋಗುತ್ತದೆ, ಮೈಭಾರವೆಲ್ಲ ಹಾಕಿ ತುಳಿದರೂ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಹಿಡಿತ ಸಿಗುತ್ತದೆ. ಆ ಸ್ಥಿತಿಯಲ್ಲಿ ಶಿರಾಡಿ ಘಾಟಿ ಇಳಿಯುವುದನ್ನು ಯೋಚಿಸಲೂ ಬೇಡಿ, ಹಾಸನಕ್ಕೆ ಬರುವುದಿದ್ದರೂ ಲಾರಿಯ ಮೇಲೆ ಹೇರಿಸಿಕೊಂಡು ಬನ್ನಿ. ಕಂಪನಿಯೇ 2004ರಲ್ಲಿ ಜಗತ್ತಿನಾದ್ಯಂತ 6.8 ಲಕ್ಷ ಕಾರುಗಳನ್ನು ಈ ಬ್ರೇಕ್ ಸಲುವಾಗಿ ವಾಪಸ್ ಕರೆದಿತ್ತು. ಮರುವರ್ಷ 13 ಲಕ್ಷ ಕಾರುಗಳನ್ನು ಕರೆದಾಗ ಕಾರಣಗಳ ಪಟ್ಟಿಯಲ್ಲಿ ಈ ಬ್ರೇಕ್ ಮತ್ತೆ ಇತ್ತು.

ಬ್ರೇಕ್ ಪ್ಯಾಡ್ ಬದಲಿಸುವ ನಿಮ್ಮ ಊರಿನ ಹುಡುಗನಿಗೆ ಇದನ್ನು ತಪ್ಪದೆ ಓದಿ ಹೇಳಿ: ಎಸ್‌ಬಿಸಿಯನ್ನು ಸ್ಕ್ಯಾನರಿನಿಂದ ನಿಷ್ಕ್ರಿಯಗೊಳಿಸದೆ, ಪ್ಯಾಡ್ ಹಿಡಿದಿರುವ ಕ್ಯಾಲಿಪರಿನೊಳಗೆ ಬೆರಳು ಹಾಕಬಾರದು. ಯಾರೋ ಬಾಗಿಲು ತೆರೆದರೆ ಸಾಕು, ಪಂಪ್ ಎದ್ದು ಪಿಸ್ಟನ್ನು ಒತ್ತುತ್ತದೆ. ಬೆರಳು ಜಜ್ಜಿಹೋಗುತ್ತದೆ.

ಕೊನೆಗೆ, ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಇಎಸ್‌ಪಿ ದೀಪ ಉಳಿದುಕೊಂಡರೆ ಗಾಬರಿ ಬೇಡ. ಎಂಜಿನ್ ಓಡುತ್ತಿರುವಾಗ ಸ್ಟೀರಿಂಗನ್ನು ಎಡದ ಕೊನೆಗೆ, ಬಲದ ಕೊನೆಗೆ ಪೂರ್ತಿ ತಿರುಗಿಸಿ ನಡುವಿಗೆ ತನ್ನಿ. ಸ್ಟೀರಿಂಗ್ ಕೋನದ ಸೆನ್ಸರ್ ತನ್ನ ನಡುಬಿಂದುವನ್ನು ಮತ್ತೆ ಕಲಿತುಕೊಳ್ಳುತ್ತದೆ, ದೀಪ ಆರುತ್ತದೆ.

ಹೊಸ ಬ್ಯಾಟರಿಯೂ ವಾರದಲ್ಲಿ ಬರಿದಾದರೆ ಯಾವುದೋ ಕಂಪ್ಯೂಟರ್ ನಿದ್ದೆ ಮಾಡುತ್ತಿಲ್ಲ ಎಂದರ್ಥ. ಡಿಕ್ಕಿ ತೆರೆದಿಟ್ಟುಕೊಂಡೇ ಅದರ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಂದು, ಕಾರನ್ನು ಲಾಕ್ ಮಾಡಿ, ಅರ್ಧ ಗಂಟೆಗೂ ಹೆಚ್ಚು ಕಾದು, ಬ್ಯಾಟರಿಯ ಸಾಲಿನಲ್ಲಿ ಕರೆಂಟ್ ಅಳೆಯಬೇಕು. 50 ಮಿಲಿ ಆಂಪಿಯರ್ ಒಳಗಿದ್ದರೆ ಸರಿ. ಇದಕ್ಕೆ ತಾಳ್ಮೆಯ ಎಲೆಕ್ಟ್ರಿಶಿಯನ್ ಬೇಕು, ನೀವಾಗಿಯೇ ಮಾಡಲು ಹೋಗಬೇಡಿ.

ಪ್ರಶ್ನೆ: 1999ರ ಮರ್ಸಿಡಿಸ್ ಇ-ಕ್ಲಾಸ್ ಕೊಂಡೆ. ಸ್ಟಾರ್ಟ್ ಮಾಡಿದಾಗ ಏನೂ ಇಲ್ಲ. ಮೊದಲ ಸಲ ಬ್ರೇಕ್ ತುಳಿದ ಮೇಲೆ ಬಿಎಎಸ್/ಇಎಸ್‌ಪಿ (ಬಿಎಎಸ್ ಎಂದರೆ ತುರ್ತಿನಲ್ಲಿ ಬ್ರೇಕಿಗೆ ಬಲ ಕೊಡುವ ವ್ಯವಸ್ಥೆ) ಎಂಬ ಹಳದಿ ದೀಪ ಬರುತ್ತದೆ. ಆನ್‌ಲೈನಿನಲ್ಲಿ ತರಿಸಿದ ಸ್ಕ್ಯಾನರ್ ಕೆಲಸ ಮಾಡುತ್ತಿಲ್ಲ.
– ಎಂ., ಹುಬ್ಬಳ್ಳಿ

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಉತ್ತರವಿದೆ. ಬ್ರೇಕ್ ತುಳಿದಾಗ ಬರುವ ದೀಪಕ್ಕೆ ಬ್ರೇಕ್ ಪೆಡಲಿನ ಮೇಲ್ಭಾಗದಲ್ಲಿರುವ ಸ್ವಿಚ್ಚನ್ನೇ ಮೊದಲು ಸಂಶಯಿಸಬೇಕು. ಅದರೊಳಗೆ ಎರಡು ಸಂಪರ್ಕಗಳಿವೆ: ಒಂದು ಕೂಡಿದಾಗ ಇನ್ನೊಂದು ಬಿಡಬೇಕು. ತಾಮ್ರ ಸವೆದು ಎರಡರ ಮಾತು ಹೊಂದದಿದ್ದರೆ ಕಂಪ್ಯೂಟರ್ ಇಬ್ಬರನ್ನೂ ನಂಬದೆ ಇಎಸ್‌ಪಿಯನ್ನು ನಿಲ್ಲಿಸುತ್ತದೆ. ಹಿಂದಿನ ಬ್ರೇಕ್ ದೀಪ ಉರಿಯುತ್ತಿದೆ, ಹಾಗಾಗಿ ಸ್ವಿಚ್ ಚೆನ್ನಾಗಿದೆ ಎಂದು ಮೆಕ್ಯಾನಿಕ್ ವಾದಿಸಬಹುದು. ಒಪ್ಪಬೇಡಿ, ಅದು ಒಂದು ಸಂಪರ್ಕದ ಸಾಕ್ಷಿ ಮಾತ್ರ. ಒಮ್ಮೊಮ್ಮೆ ಗೇರ್ ಪಾರ್ಕಿನಿಂದ ಹೊರಬರಲು ಹಟ ಹಿಡಿಯುತ್ತಿದ್ದರೆ ಸಂಶಯ ಇನ್ನೂ ಗಟ್ಟಿ. ಇಡೀ ಕಾರಿನಲ್ಲಿ ಅಗ್ಗವಾಗಿ ಸಿಗುವ ಬಿಡಿಭಾಗಗಳಲ್ಲಿ ಇದೊಂದು, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ. ಈ ಒಂದು ಸ್ವಿಚ್ಚಿಗಾಗಿ ಎಬಿಎಸ್ ಯೂನಿಟ್ಟನ್ನೇ ಬದಲಿಸಿಕೊಂಡ ಕಾರುಗಳು ನನ್ನಲ್ಲಿಗೆ ಬಂದಿವೆ, ದೀಪ ಉರಿಸಿಕೊಂಡೇ.

ನಿಮ್ಮ ಸ್ಕ್ಯಾನರಿನ ತಪ್ಪಿಲ್ಲ. ಅಂಥ ಸ್ಕ್ಯಾನರುಗಳು ಹೊಂದಿಕೊಳ್ಳುವುದು ಒಬಿಡಿ-2 ಎಂಬ ಸಾಮಾನ್ಯ ತಪಾಸಣಾ ಪದ್ಧತಿಗೆ, ನಮ್ಮ ದೇಶದಲ್ಲಿ ಅದು ಕಡ್ಡಾಯವಾದದ್ದು 2013ರಲ್ಲಿ. ನಿಮ್ಮ ಕಾರಿಗೆ ಬಾನೆಟ್ ಒಳಗೆ 38 ಪಿನ್ನಿನ ದುಂಡು ಸಾಕೆಟ್ ಇರುತ್ತದೆ, ಅದಕ್ಕೆ ಬೇರೆಯದೇ ಉಪಕರಣ ಬೇಕು.

ಪ್ರಶ್ನೆ: 2008ರ ಬಿಎಂಡಬ್ಲ್ಯು 320ಐ. ಎಂಜಿನ್ ದೀಪ ಉರಿಯುತ್ತಿದೆ, ಪಿ 0420 ಎಂಬ ಕೋಡ್ ಬಂದಿದೆ. ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಿ ಎನ್ನುತ್ತಿದ್ದಾರೆ. ಬೆಲೆ ಕೇಳಿ ತಲೆ ತಿರುಗಿತು.
– ಆರ್.ಎಸ್., ಬೆಂಗಳೂರು

ಉತ್ತರ: ಪಿ 0420 ಹೇಳುವುದು ಕನ್ವರ್ಟರ್ ಮಾಡುವ ಹೊಗೆಯ ಶುದ್ಧೀಕರಣ ಸಾಲದೆಂದು ಕಂಪ್ಯೂಟರಿಗೆ ಅನಿಸಿದೆ ಎಂಬುದನ್ನು ಮಾತ್ರ. ಕನ್ವರ್ಟರಿನ ಹಿಂದಿರುವ ಆಮ್ಲಜನಕ ಸೆನ್ಸರಿನ ವೋಲ್ಟೇಜನ್ನು ಎಂಜಿನ್ ಬಿಸಿಯಾದ ಮೇಲೆ ಸ್ಕ್ಯಾನರಿನಲ್ಲಿ ನೇರವಾಗಿ ನೋಡಿಸಿ. 0.6, 0.7ರ ಆಸುಪಾಸಿನಲ್ಲಿ ಸ್ಥಿರವಾಗಿ ನಿಂತಿದ್ದರೆ ಕನ್ವರ್ಟರ್ ಇನ್ನೂ ಬದುಕಿದೆ. ಮೇಲೆ ಕೆಳಗೆ ಬೇಗ ಬೇಗ ಓಲಾಡುತ್ತಿದ್ದರೆ ಅದರ ಕಥೆ ಮುಗಿದಿರಬಹುದು. ಆಗಲೂ ಮೊದಲು ಸೈಲೆನ್ಸರ್ ಕೊಳವೆಯ ಜೋಡಣೆಗಳಲ್ಲಿ ಸೋರಿಕೆ ಇದೆಯೇ ಎಂದು ನೋಡಿಸಿ. ಸೋರಿಕೆಯಲ್ಲಿ ಹೊರಗಿನ ಗಾಳಿ ನುಗ್ಗಿದರೂ ಸೆನ್ಸರಿಗೆ ಮೋಸವಾಗುತ್ತದೆ.

ನಿಮ್ಮ ಎಂಜಿನ್ ಪೀಳಿಗೆಗೆ ಇನ್ನೊಂದು ಕಾಯಿಲೆಯಿದೆ. ವಾಲ್ವ್ ಸೀಲ್ ಗಟ್ಟಿಯಾಗಿ ಆಯಿಲ್ ಸಿಲಿಂಡರಿಗೆ ಇಳಿದು ಉರಿಯುತ್ತದೆ. ಸಿಗ್ನಲ್ಲಿನಲ್ಲಿ ಕೆಲ ನಿಮಿಷ ನಿಂತು ಹೊರಟಾಗ ಹಿಂದಿನಿಂದ ನೀಲಿ ಹೊಗೆ ಬರುತ್ತಿದೆಯೇ, ಹಿಂದೆ ಬರುವ ಗೆಳೆಯರನ್ನು ಕೇಳಿ. ಬರುತ್ತಿದ್ದರೆ ಹೊಸ ಕನ್ವರ್ಟರ್ ಹಾಕಿಯೂ ಪ್ರಯೋಜನವಿಲ್ಲ, ಅದೇ ಹೊಗೆ ಅದನ್ನೂ ಕೊಲ್ಲುತ್ತದೆ. ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಮಿನುಗತೊಡಗಿದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹಾಗೇ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಎಂದು ತಿಳಿದು ಕಾರನ್ನು ಬದಿಗೆ ಹಾಕಿ.

ಪ್ರಶ್ನೆ: ದೆಹಲಿಯಿಂದ ಬಂದ 2014ರ ಡೀಸೆಲ್ ಆಡಿ ಎ6 ನೋಡಿದ್ದೇನೆ. ಒಂದೂ ಎಚ್ಚರಿಕೆ ದೀಪ ಉರಿಯುತ್ತಿಲ್ಲ. ಧೈರ್ಯವಾಗಿ ಕೊಳ್ಳಬಹುದೇ?
– ವಕೀಲರು, ಮೈಸೂರು

ಉತ್ತರ: 10 ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿಯಲ್ಲಿ ಓಡಬಾರದು ಎಂಬ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಇಂಥ ಕಾರುಗಳು ಅಗ್ಗದ ಬೆಲೆಗೆ ದಕ್ಷಿಣಕ್ಕೆ ಇಳಿಯತೊಡಗಿದವು. ಒಳ್ಳೆಯವೂ ಇವೆ. ಆದರೆ ದೀಪ ಉರಿಯದಿರುವುದು ಸಾಕ್ಷಿಯಲ್ಲ ಎಂದು ವಕೀಲರಿಗೆ ನಾನು ಹೇಳಬೇಕೇ?

ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಏರ್‌ಬ್ಯಾಗ್, ಎಬಿಎಸ್, ಎಂಜಿನ್ ದೀಪಗಳೆಲ್ಲ ಹತ್ತಲೇಬೇಕು. ಏರ್‌ಬ್ಯಾಗ್, ಎಬಿಎಸ್ ದೀಪಗಳು ಕೆಲವು ಕ್ಷಣಗಳಲ್ಲಿ ಆರುತ್ತವೆ, ಎಂಜಿನ್ ದೀಪ ಸ್ಟಾರ್ಟ್ ಆದ ಮೇಲೆ ಆರುತ್ತದೆ. ಯಾವುದಾದರೂ ಒಂದು ಹತ್ತಲೇ ಇಲ್ಲವಾದರೆ ಅದನ್ನು ಯಾರೋ ಕುರುಡು ಮಾಡಿದ್ದಾರೆ. ಏರ್‌ಬ್ಯಾಗ್ ದೀಪ ಎಬಿಎಸ್ ದೀಪದ ಜೊತೆಯಲ್ಲೇ ಹತ್ತಿ ಅದರ ಜೊತೆಯಲ್ಲೇ ಆರಿದರೆ ಎರಡನ್ನೂ ಒಂದೇ ವೈರಿಗೆ ಕಟ್ಟಿರಬಹುದು. ಹಳೆಯ ಕಾರುಗಳಲ್ಲಿ ಈ ಕೈಚಳಕ ನಡೆಯುತ್ತದೆ.

ಆಮೇಲೆ ಸ್ಕ್ಯಾನರ್ ಹಾಕಿಸಿ. ಕೋಡ್ ಇಲ್ಲ ಎಂದು ಬಂದರೆ ಅಲ್ಲಿಗೇ ನಿಲ್ಲಬೇಡಿ. ಕೋಡ್ ಅಳಿಸಿದ ನಂತರ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಅಂಕಿ ಇರುತ್ತದೆ, ಸ್ವಯಂ ಪರೀಕ್ಷೆಗಳು ಮುಗಿದಿವೆಯೇ ಎಂಬ ಪಟ್ಟಿಯೂ ಇರುತ್ತದೆ. ಅಂಕಿ ಎರಡೋ ಮೂರೋ ಇದ್ದು ಪರೀಕ್ಷೆಗಳು ಅಪೂರ್ಣ ಎಂದು ಕಂಡರೆ, ನೀವು ಬರುವ ಮುನ್ನ ಯಾರೋ ಸ್ಲೇಟು ಒರೆಸಿದ್ದಾರೆ. ಒಂದು ವಾರ ಓಡಿಸಿ ಮತ್ತೆ ತೋರಿಸಿ ಎಂದು ಹೇಳಿ. ಒಪ್ಪದಿದ್ದರೆ ಎದ್ದು ಬನ್ನಿ. ದೆಹಲಿ ಆರ್‌ಟಿಒದ ನಿರಾಕ್ಷೇಪಣಾ ಪತ್ರ ಮತ್ತು ಇಲ್ಲಿ ಕಟ್ಟಬೇಕಾದ ಜೀವಿತಾವಧಿ ತೆರಿಗೆಯನ್ನು ಬೆಲೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಪ್ರಶ್ನೆ: 2009ರ ಪೆಟ್ರೋಲ್ ಆಡಿ ಎ4. ಬಿಸಿಲಿನಲ್ಲಿ ದೂರ ಓಡಿಸಿ ನಿಲ್ಲಿಸಿದಾಗ ಎಣ್ಣೆ ಡಬ್ಬಿಯ ಕೆಂಪು ದೀಪ ಮಿನುಗಿ ಹೋಗುತ್ತದೆ. ಸರ್ವಿಸ್ ಮುಂದಿನ ತಿಂಗಳಿದೆ. ಅಲ್ಲಿಯವರೆಗೆ ಓಡಿಸಬಹುದೇ?
– ಕಲಬುರಗಿ

ಉತ್ತರ: ಬೇಡ. ಹಳದಿ ಡಬ್ಬಿ ಆಯಿಲ್ ಮಟ್ಟದ್ದು, ಕೆಂಪು ಡಬ್ಬಿ ಒತ್ತಡದ್ದು. ಒತ್ತಡವಿಲ್ಲದೆ ಎಂಜಿನ್ ಓಡಿದರೆ ಬೇರಿಂಗುಗಳು ನಿಮಿಷಗಳಲ್ಲಿ ಹೋಗುತ್ತವೆ. ಆ ಕಾಲದ ಆಡಿ ಟರ್ಬೊ ಪೆಟ್ರೋಲ್ ಎಂಜಿನ್ನುಗಳಿಗೆ ಆಯಿಲ್ ಕುಡಿಯುವ ಚಟ ಇತ್ತು, ಆದ್ದರಿಂದ ಇಂದೇ ಮಟ್ಟ ನೋಡಿ. ಮಟ್ಟ ಸರಿಯಿದ್ದೂ ಮಿನುಗಿದರೆ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿ ಅಳೆಯಿಸಿ. ಅಳೆದು ಮುಗಿಯುವವರೆಗೆ ಆಟೊದಲ್ಲಿ ಓಡಾಡಿ.

ಪ್ರಶ್ನೆ: ಕಾರನ್ನು ಒಳಗೆಲ್ಲ ಕ್ಲೀನ್ ಮಾಡಿಸಿದ ಮರುದಿನದಿಂದ ಏರ್‌ಬ್ಯಾಗ್ ದೀಪ ಆರುತ್ತಿಲ್ಲ. ತೊಳೆದ ನೀರು ಒಳಗೆ ಹೋಗಿರಬಹುದೇ?
– ಗೃಹಿಣಿ, ದಾವಣಗೆರೆ

ಉತ್ತರ: ನೀರಿಗಿಂತ ವ್ಯಾಕ್ಯೂಮ್ ಕ್ಲೀನರಿನ ಮೇಲೆ ನನ್ನ ಸಂಶಯ ಹೆಚ್ಚು ತಾಯಿ. ಕಸ ಎಳೆಯಲು ಸೀಟನ್ನು ಕೊನೆಯವರೆಗೆ ಹಿಂದೆ ಮುಂದೆ ಸರಿಸಿರುತ್ತಾರೆ, ಸೀಟಿನ ಕೆಳಗಿರುವ ಏರ್‌ಬ್ಯಾಗ್ ವೈರಿನ ಹಳದಿ ಕನೆಕ್ಟರ್ ಸಡಿಲವಾಗಿರುತ್ತದೆ. ಟಾರ್ಚ್ ಹಾಕಿ ನೋಡಿ, ಆದರೆ ಕೈ ಹಾಕಬೇಡಿ. ಗ್ಯಾರೇಜಿನವರು ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ಬಿಚ್ಚಿ, ಕೆಲವು ನಿಮಿಷ ಕಾದ ಮೇಲೆಯೇ ಅದನ್ನು ಮುಟ್ಟಬೇಕು. ಏರ್‌ಬ್ಯಾಗಿನ ವೈರಿಗೆ ಮಲ್ಟಿಮೀಟರ್ ಹಿಡಿಯುವವನು ಕಂಡರೆ ಅಲ್ಲೇ ತಡೆಯಿರಿ, ಮೀಟರಿನ ಸಣ್ಣ ಕರೆಂಟಿಗೂ ಅದು ಸಿಡಿಯುವ ಅಪಾಯವಿದೆ. ಕನೆಕ್ಟರ್ ಕೂಡಿಸಿದ ಮೇಲೂ ದೀಪ ತಾನಾಗಿ ಆರದಿರಬಹುದು. ಸೀಟನ್ನು ಒಮ್ಮೆ ಪೂರ್ತಿ ಸರಿಸಿ, ವೈರ್ ಎಲ್ಲೂ ಎಳೆಯುತ್ತಿಲ್ಲವೆಂದು ನೋಡಿಕೊಂಡು, ಆಮೇಲೆ ಸ್ಕ್ಯಾನರಿನಿಂದ ಕೋಡ್ ಅಳಿಸಲು ಹೇಳಿ.