ನಿದ್ದೆ ಓಡಿಸುವ ಮಾತ್ರೆ ನೆನಪು ಕೊಡುವುದಿಲ್ಲ

ಓದುಗರ ಪತ್ರ: ಪರೀಕ್ಷೆ ಹತ್ತಿರವಾಗಿದೆ. ರಾತ್ರಿ ಒಂಬತ್ತಾದರೆ ಸಾಕು, ತೂಕಡಿಕೆ ಶುರು. ಗೆಳೆಯನೊಬ್ಬ 200 ಮಿಲಿಗ್ರಾಂನ ಮೊಡಾಫಿನಿಲ್ ಮಾತ್ರೆ ಕೊಟ್ಟು, ನೆನಪಿನ ಶಕ್ತಿಗೆ ಒಳ್ಳೆಯದು ಎನ್ನುತ್ತಾನೆ. ಸೇವಿಸಬಹುದೇ?

ಸಂಪಾದಕರ ಉತ್ತರ: ದಯವಿಟ್ಟು ಬೇಡ. ಹಗಲಲ್ಲೇ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿಯಂಥ ಕಾಯಿಲೆಗಳಿಗೆ ವೈದ್ಯರು ಕೊಡುವ ಔಷಧ ಅದು, ಅದೂ ಸಾಮಾನ್ಯವಾಗಿ ಬೆಳಿಗ್ಗೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯಲು 12ರಿಂದ 15 ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದ ಮಾತ್ರೆಯ ಅರ್ಧದಷ್ಟು ಮರುದಿನ ಪರೀಕ್ಷೆಗೆ ಕೂರುವಾಗಲೂ ಮೈಯಲ್ಲೇ ಇರುತ್ತದೆ. ನಡುವಿನ ರಾತ್ರಿ ನಿದ್ದೆಯಿಲ್ಲ. ಹಗಲು ಓದಿದ್ದನ್ನು ಮಿದುಳಿನ ಹಿಪ್ಪೊಕ್ಯಾಂಪಸ್ ಮತ್ತೆ ಮತ್ತೆ ಮೆಲುಕು ಹಾಕಿ ಗಟ್ಟಿಮಾಡುವುದು ಮುಖ್ಯವಾಗಿ ಗಾಢ ನಿದ್ದೆಯಲ್ಲಿ. ಆ ನಿದ್ದೆ ಕಳೆದುಕೊಂಡರೆ ಓದಿದ್ದು ಸರಿಯಾಗಿ ನಿಲ್ಲುವುದಿಲ್ಲ.

ತಲೆನೋವು, ವಾಕರಿಕೆ, ಆತಂಕ ಇದರ ಸಾಮಾನ್ಯ ಅಡ್ಡ ಪರಿಣಾಮಗಳು. ಮೈಮೇಲೆ ಗಂದೆ ಎದ್ದರೆ ತಕ್ಷಣ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು. ಅಪರೂಪಕ್ಕೆ ಅದು ಚರ್ಮವೇ ಸುಲಿದುಹೋಗುವ ಸ್ಟೀವನ್ಸ್–ಜಾನ್ಸನ್ ಕಾಯಿಲೆಯ ಮೊದಲ ಲಕ್ಷಣವಾಗಿರುತ್ತದೆ. ಗರ್ಭನಿರೋಧಕ ಮಾತ್ರೆಯ ಪರಿಣಾಮವೂ ಕುಗ್ಗುತ್ತದೆ, ಮೊಡಾಫಿನಿಲ್ ಬಿಟ್ಟ ಮೇಲೂ ಒಂದು ತಿಂಗಳವರೆಗೆ. ಮಾತ್ರೆಯನ್ನು ಗೆಳತಿಯರಿಗೆ ಹಂಚುವವರು ಈ ಮಾತನ್ನು ಹೇಳುವುದೇ ಇಲ್ಲ.

ಎಡಿಎಚ್‌ಡಿ ಎಂಬ, ಗಮನ ಒಂದೆಡೆ ನಿಲ್ಲದ ತೊಂದರೆಗೆ ಕೊಡುವ ಮೀಥೈಲ್‌ಫೆನಿಡೇಟ್ ಕೂಡ ಇಂಥದ್ದೇ. ಅದು ಡೋಪಮಿನ್ ಎಂಬ ಮಿದುಳಿನ ರಾಸಾಯನಿಕವನ್ನು ಹೆಚ್ಚಿಸುತ್ತದೆ. ಮಿದುಳಿನಲ್ಲಿ ಡೋಪಮಿನ್ ಕಡಿಮೆಯಾದರೂ ಹೆಚ್ಚಾದರೂ ಏಕಾಗ್ರತೆ ಕೆಡುತ್ತದೆ. ಜೊತೆಗೆ ಎದೆಬಡಿತ, ರಕ್ತದೊತ್ತಡ ಏರುತ್ತವೆ, ಚಟವೂ ಅಂಟಬಹುದು. 1964ರಲ್ಲಿ ಬೆಲ್ಜಿಯಂನಲ್ಲಿ ತಯಾರಾದ, ನೆನಪಿನ ಮಾತ್ರೆ ಎನಿಸಿಕೊಂಡ ಪಿರಾಸೆಟಮ್‌ನಿಂದ ಆರೋಗ್ಯವಂತರ ನೆನಪು ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ.

ಉಳಿದದ್ದು ಕಾಫಿ. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತಾ ತೂಕಡಿಕೆ ತರುತ್ತದೆ. ಕೆಫೀನ್ ಅದರ ಜಾಗದಲ್ಲಿ ಕೂತು ಅದನ್ನು ತಡೆಯುತ್ತದೆಯೇ ಹೊರತು ಕರಗಿಸುವುದಿಲ್ಲ. ಹಾಗಾಗಿಯೇ ಕಾಫಿಯ ಪ್ರಭಾವ ಇಳಿದಾಗ ನಿದ್ದೆ ಒತ್ತರಿಸಿಕೊಂಡು ಬರುವುದು. ಆರೋಗ್ಯವಂತ ವಯಸ್ಕರಿಗೆ ಒಮ್ಮೆಗೆ 200, ದಿನಕ್ಕೆ 400 ಮಿಲಿಗ್ರಾಂ ಕೆಫೀನ್ ಮಿತಿ. ಮಲಗುವ ಎಂಟು ಗಂಟೆ ಮೊದಲೇ ಕೊನೆಯ ಕಪ್ ಮುಗಿದಿರಲಿ. ಶುದ್ಧ ಕೆಫೀನ್ ಪುಡಿಯನ್ನಂತೂ ಮುಟ್ಟಬೇಡಿ: ಒಂದು ಟೀ ಚಮಚದಲ್ಲೇ 3,000 ಮಿಲಿಗ್ರಾಂ ದಾಟುತ್ತದೆ, ಜೀವಕ್ಕೇ ಅಪಾಯ.

ಒಂಬತ್ತಕ್ಕೆ ತೂಕಡಿಕೆ ಬಂದರೆ ಪುಸ್ತಕ ಮುಚ್ಚಿ, ಆ ದಿನ ಓದಿದ್ದನ್ನು ನೋಡದೆ ಬರೆದು ಮಲಗಿ. ಬಿಟ್ಟುಹೋದದ್ದನ್ನು ಬೆಳಿಗ್ಗೆ ಓದಿ. ಏಳೆಂಟು ಗಂಟೆ ಮಲಗಿದರೂ ಹಗಲೆಲ್ಲ ನಿದ್ದೆ ಎಳೆಯುತ್ತಿದ್ದರೆ ರಕ್ತಹೀನತೆ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಏನಾದರೂ ಇದೆಯೇ ಎಂದು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿ.