ಮನೆಯಿಂದ ಮೀಟಿಂಗ್ ಸೇರುವವರಿಗೆ ಏನೂ ಕೇಳಿಸುವುದಿಲ್ಲ, ದೊಡ್ಡ ಕ್ಯಾಮೆರಾ ತಗೊಳ್ಳಬೇಕಾ?

ಸದ್ಯಕ್ಕೆ ಬೇಡ. ನೀವು ಬರೆದಿರುವುದನ್ನೇ ಇನ್ನೊಮ್ಮೆ ಓದಿ: ತುಮಕೂರಿನ ಆಫೀಸಿನಲ್ಲಿ ಮೇಜಿನ ಸುತ್ತ ಏಳು ಜನ, ಕೋಲಾರ ಮತ್ತು ಚಿಕ್ಕಬಳ್ಳಾಪುರದ ಮನೆಗಳಿಂದ ನಾಲ್ವರು, ಗೋಡೆಗೆ 55 ಇಂಚಿನ ಟಿವಿ, ಅದರ ನೆತ್ತಿಯ ಮೇಲೆ ವೆಬ್‌ಕ್ಯಾಮ್. ಆ ನಾಲ್ವರ ದೂರು ‘ಕಾಣಿಸ್ತಿಲ್ಲ’ ಅಂತಲ್ಲ, ‘ಕೇಳಿಸ್ತಿಲ್ಲ’ ಅಂತ. ಚಿತ್ರ ಮಸುಕಾದರೆ ಜನ ಹೇಗೋ ಸಹಿಸಿಕೊಳ್ಳುತ್ತಾರೆ. ಮಾತು ಅರ್ಧಂಬರ್ಧ ಕೇಳಿದರೆ ಹತ್ತೇ ನಿಮಿಷಕ್ಕೆ ಮ್ಯೂಟ್ ಮಾಡಿಕೊಂಡು ಬೇರೆ ಕೆಲಸ ನೋಡಿಕೊಳ್ಳುತ್ತಾರೆ.

ತೊಂದರೆ ಎಲ್ಲಿದೆ ಅಂದರೆ, ನಿಮ್ಮ ಮೈಕು ಆ ವೆಬ್‌ಕ್ಯಾಮಿನೊಳಗಿದೆ. ಮೇಜಿನ ಕೊನೆಯಲ್ಲಿ ಕೂತವರಿಗೂ ಅದಕ್ಕೂ ನಾಲ್ಕು ಮೀಟರ್ ದೂರ ಇದ್ದೇ ಇರುತ್ತದೆ. ದೂರ ಎರಡು ಪಟ್ಟಾದಾಗಲೆಲ್ಲ ಬಾಯಿಂದ ನೇರ ಬರುವ ದನಿ 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಇಳಿಯುತ್ತದೆ. ಬಾಯಿಂದ ಅರ್ಧ ಮೀಟರ್ ದೂರದಲ್ಲಿದ್ದ ಮೈಕು ನಾಲ್ಕು ಮೀಟರಿಗೆ ಹೋದರೆ 18 ಡೆಸಿಬೆಲ್ ಕಮ್ಮಿ. ಫ್ಯಾನಿನ ಸದ್ದು, ಗೋಡೆಗೆ ಬಡಿದು ವಾಪಸು ಬರುವ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ನಮ್ಮ ಕಡೆಯ ಆಫೀಸುಗಳಲ್ಲಿ ಕೆಳಗೆ ಗ್ರಾನೈಟು ಇಲ್ಲವೇ ಟೈಲ್ಸು, ಮೇಲೆ ಆರ್‌ಸಿಸಿ, ಒಂದು ಪಕ್ಕ ಗಾಜು. ದನಿಯನ್ನು ಹೀರಿಕೊಳ್ಳುವ ವಸ್ತು ಒಂದೂ ಇರುವುದಿಲ್ಲ. ರೂಮಿನ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ಟಪ್ ಅಂತ ಅಲ್ಲೇ ನಿಂತರೆ ಸರಿ. ಟಂಯ್ ಅಂತ ಬಾಲ ಎಳೆದರೆ, ಕೋಲಾರದವರ ಕಿವಿಗೆ ಬೀಳುತ್ತಿರುವುದು ಆ ಬಾಲವೇ.

ಇದಕ್ಕೆ ಬಟ್ಟೆಯೇ ಮದ್ದು. ಕಿಟಕಿಗೆ ದಪ್ಪ ಪರದೆ, ಮೇಜಿನ ಕೆಳಗೆ ಜಮಖಾನ, ಟಿವಿಯ ಎದುರು ಗೋಡೆಗೆ ಒಂದೆರಡು ಕುರಿ ಕಂಬಳಿ. ಕಂಬಳಿಯನ್ನು ಗೋಡೆಗೆ ಅಂಟಿಸದೆ ಎರಡು ಇಂಚು ಬಿಟ್ಟು ತೂಗುಹಾಕಿದರೆ ಇನ್ನೂ ಚೆನ್ನಾಗಿ ಹೀರುತ್ತದೆ. ಮೊಟ್ಟೆ ಟ್ರೇ ಅಂಟಿಸಿ ಅನ್ನುವವರು ಸಿಗುತ್ತಾರೆ, ಅದು ಧೂಳು ಹಿಡಿಯುವುದಕ್ಕೆ ಸರಿ.

ಆಮೇಲೆ ದುಡ್ಡು ಹಾಕಬೇಕಾದ್ದು ಯುಎಸ್‌ಬಿ ಸ್ಪೀಕರ್‌ಫೋನಿಗೆ. ಮೈಕು, ಸ್ಪೀಕರ್ ಎರಡೂ ಒಂದರಲ್ಲೇ ಇರುವ ತಟ್ಟೆಯಂಥ ಸಾಧನ ಅದು, ಮೇಜಿನ ನಡುವೆ ಇಡುವುದು. ಮೇಜು ಎರಡೂವರೆ ಮೀಟರಿನೊಳಗಿದ್ದರೆ ಒಂದು ಸಾಕು. ಅದಕ್ಕಿಂತ ಉದ್ದವಿದ್ದರೆ ಹೆಚ್ಚುವರಿ ಮೈಕು ಜೋಡಿಸಲು ಬರುವ ಮಾಡೆಲ್ ಕೇಳಿ. ಸೀಲಿಂಗ್ ಫ್ಯಾನಿನ ನೇರ ಕೆಳಗೆ ಇಡಬೇಡಿ. ಅಡಿಗೆ ಮಡಿಸಿದ ಬಟ್ಟೆ ಹಾಕಿ, ಇಲ್ಲವಾದರೆ ಟೀ ಲೋಟ ಇಟ್ಟ ಸದ್ದೂ ಸುತ್ತಿಗೆ ಹೊಡೆದ ಹಾಗೆ ಹೋಗುತ್ತದೆ. ಬ್ಲೂಟೂತ್ ಬೇಡ, ವೈರೇ ಇರಲಿ. ಸಾಮಾನ್ಯ ಯುಎಸ್‌ಬಿ 2.0 ವೈರು 5 ಮೀಟರಿಗಿಂತ ಉದ್ದವಾದರೆ ಸಾಧನ ಬಿಟ್ಟು ಬಿಟ್ಟು ಸಿಗುತ್ತದೆ, ಅಷ್ಟು ದೂರ ಬೇಕಿದ್ದರೆ ಸಿಗ್ನಲ್ಲಿಗೆ ನಡುವೆ ಬಲ ಕೊಡುವ ‘ಆಕ್ಟಿವ್’ ಎಕ್ಸ್‌ಟೆನ್ಷನ್ ಕೇಬಲ್ ತನ್ನಿ.

ಎಲ್ಲರೂ ಎಡವುವ ಜಾಗ ಒಂದಿದೆ. ಎಚ್‌ಡಿಎಂಐ ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ಸದ್ದನ್ನು ಟಿವಿಗೆ ಕಳಿಸಿಬಿಡುತ್ತದೆ. ಆಗ ಮೈಕು ಸ್ಪೀಕರ್‌ಫೋನಿನದು, ಸ್ಪೀಕರ್ ಟಿವಿಯದು. ಟಿವಿ ದನಿಯನ್ನು ಒಂದಿಷ್ಟು ತಡಮಾಡಿ ಹೊರಡಿಸುವುದರಿಂದ ಎಕೋ ಅಳಿಸುವ ವ್ಯವಸ್ಥೆಗೆ ಲೆಕ್ಕ ತಪ್ಪುತ್ತದೆ, ಮನೆಯಲ್ಲಿರುವವರಿಗೆ ಅವರದೇ ಮಾತು ತಿರುಗಿ ಕೇಳಿಸುತ್ತದೆ. ಜೂಮ್ ಇರಲಿ, ಟೀಮ್ಸ್ ಇರಲಿ, ಮೀಟ್ ಇರಲಿ, ಆಡಿಯೋ ಸೆಟ್ಟಿಂಗಿನಲ್ಲಿ ಮೈಕು ಮತ್ತು ಸ್ಪೀಕರ್ ಎರಡಕ್ಕೂ ಅದೇ ಒಂದು ಸಾಧನದ ಹೆಸರು ಆರಿಸಿ. ಪ್ರತಿ ಸಲ ನೋಡಿ, ಅದು ಬದಲಾಗುತ್ತಿರುತ್ತದೆ.

ರೂಮಿನಲ್ಲಿ ಎರಡನೇ ಲ್ಯಾಪ್‌ಟಾಪ್ ಸೇರಿದರೆ ಕೀರಲು ಶುರು. ಅದರ ಮೈಕು ಮ್ಯೂಟ್ ಮಾಡಿದರೆ ಸಾಲದು, ಸ್ಪೀಕರ್ ಕೂಡ ಬಂದ್ ಆಗಬೇಕು. ಮೀಟ್‌ನಲ್ಲಿ ಕಂಪ್ಯಾನಿಯನ್ ಮೋಡ್ ಇರುವುದು ಇದಕ್ಕೇ. ಜೂಮ್, ಟೀಮ್ಸ್‌ನಲ್ಲಿ ಆಡಿಯೋ ಇಲ್ಲದೆ ಸೇರಿಕೊಳ್ಳಿ.

ಇಷ್ಟಾದ ಮೇಲೆ ಒಬ್ಬರನ್ನು ಇಯರ್‌ಫೋನ್ ಕೊಟ್ಟು ಹೊರಗೆ ಕಳಿಸಿ. ಏಳೂ ಜನ ತಂತಮ್ಮ ಕುರ್ಚಿಯಲ್ಲೇ ಕೂತು ಪೇಪರಿನ ಎರಡೆರಡು ಸಾಲು ಓದಲಿ. ಯಾರದು ಅರ್ಥವಾಗುವುದಿಲ್ಲವೋ ಅವರ ಕಡೆಗೆ ಸ್ಪೀಕರ್‌ಫೋನ್ ಒಂದೊಂದು ಗೇಣು ಸರಿಸಿ. ಎಲ್ಲರದ್ದೂ ಸ್ಪಷ್ಟವಾದ ಜಾಗಕ್ಕೆ ಮೇಜಿನ ಮೇಲೆ ಟೇಪ್ ಗುರುತು ಹಾಕಿಬಿಡಿ.

ಕ್ಯಾಮೆರಾದ ವಿಷಯ ಇಷ್ಟೇ: ಟಿವಿಯ ಮೇಲಿಂದ ತೆಗೆದು ಕೆಳ ಅಂಚಿಗೆ ತನ್ನಿ, ನೆಲದಿಂದ ಸುಮಾರು 1.2 ಮೀಟರ್, ಕೂತವರ ಕಣ್ಣಿನ ಮಟ್ಟಕ್ಕೆ. ಕಿಟಕಿ ಕೂತವರ ಬೆನ್ನಿಗೆ ಬಂದರೆ ಮುಖವೆಲ್ಲ ಕಪ್ಪಾಗುತ್ತದೆ.

ನೆಟ್ ನೋಡುವಾಗ ಎಲ್ಲರೂ ಡೌನ್‌ಲೋಡ್ ನೋಡುತ್ತಾರೆ, ನಿಮಗೆ ಬೇಕಾದ್ದು ಅಪ್‌ಲೋಡ್. 720ಪಿ (ಎಚ್‌ಡಿ ಚಿತ್ರದ) ಗುಂಪು ಕರೆಗೆ ಜೂಮ್ ಕೇಳುವುದು 2.6 ಎಂಬಿಪಿಎಸ್ ಅಪ್‌ಲೋಡ್. ಆಫೀಸಿನಲ್ಲಿ 5 ಇದ್ದರೆ ಧಾರಾಳ, ಆದರೆ ಅದೇ ಹೊತ್ತಿಗೆ ಸಿಸಿಟಿವಿ ಕ್ಲೌಡಿಗೆ ಏರುತ್ತಿರಬಾರದು. ಲ್ಯಾಪ್‌ಟಾಪಿಗೆ ವೈಫೈ ಬದಲು ಲ್ಯಾನ್ ಕೇಬಲ್ ಚುಚ್ಚಿ. ಮನೆಯಿಂದ ಸೇರುವವರು ಮೊಬೈಲ್ ಡೇಟಾದಲ್ಲಿದ್ದರೆ, ಒಂದು ಎಂಬಿಪಿಎಸ್ ವೇಗಕ್ಕೆ ಗಂಟೆಗೆ 450 ಎಂಬಿ ಡೇಟಾ ಅಂತ ಲೆಕ್ಕ. ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರು ಬರುವ ವಿಡಿಯೋ ನಿಲ್ಲಿಸಲಿ, ಮಾತಿಗೆ ಮಾತ್ರ 100 ಕೆಬಿಪಿಎಸ್ ಒಳಗೇ ಸಾಕಾಗುತ್ತದೆ.

ಇನ್ನು ಕರೆಂಟು. ಬೆಸ್ಕಾಂ ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವುದರೊಳಗೆ ರೌಟರ್ ಆಫ್ ಆಗಿ ಆನ್ ಆದರೆ ಎರಡು ಮೂರು ನಿಮಿಷ ಹೋಯಿತು, ಅಷ್ಟರಲ್ಲಿ ಮೀಟಿಂಗಿನ ಎಳೆಯೂ ತಪ್ಪಿತು. ರೌಟರಿಗೂ ಫೈಬರ್ ಬಾಕ್ಸಿಗೂ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿ. ಡಬ್ಬಿಯ ಮೇಲಿನ 8,800 ಎಂಎಎಚ್ (ಬ್ಯಾಟರಿಯ ಸಾಮರ್ಥ್ಯ) ನೋಡಿ ದಿನವಿಡೀ ಬರುತ್ತದೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಅದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. 8.8 × 3.7 ಅಂದರೆ ಸುಮಾರು 32 ವ್ಯಾಟ್‌ಅವರ್. ಎರಡೂ ಸೇರಿ 10 ವ್ಯಾಟ್ ಎಳೆದರೆ, ಪೋಲಾಗುವುದು ಕಳೆದು ಎರಡೂವರೆ ಗಂಟೆ. ಕೊಳ್ಳುವ ಮುಂಚೆ ನಿಮ್ಮ ಅಡಾಪ್ಟರುಗಳ ಮೇಲೆ ವೋಲ್ಟ್, ಆಂಪ್ ಓದಿ. ಪಿನ್ನು ಹೊಂದುತ್ತದೆಯೇ ಅಂತಲೂ ನೋಡಿ, 2.1 ಮಿಮೀ ಮತ್ತು 2.5 ಮಿಮೀ ನೋಡಲು ಒಂದೇ ಥರ ಇರುತ್ತವೆ.

ಸಾಮಾನು ಸರಿಯಾದರೂ ರೂಮಿನವರ ಅಭ್ಯಾಸ ಹಾಗೇ ಉಳಿದರೆ ಆ ನಾಲ್ವರು ಬರೀ ಪ್ರೇಕ್ಷಕರು. ಮಾತು ಮುಗಿಸಿ ಎರಡು ಸೆಕೆಂಡು ಬಿಡಿ. ನೆಟ್ಟಿನ ತಡದಿಂದ ದೂರದವರು ಬಾಯಿ ತೆರೆಯುವುದರೊಳಗೆ ಇಲ್ಲಿನವರು ಮುಂದಕ್ಕೆ ಹೋಗಿರುತ್ತಾರೆ. ಪ್ರತಿ ವಿಷಯಕ್ಕೂ ಮೊದಲು ಹೆಸರು ಹಿಡಿದು ದೂರದವರನ್ನು ಕೇಳಿ, ಆಮೇಲೆ ಮೇಜಿನವರನ್ನು. ‘ಎಲ್ಲರಿಗೂ ಒಪ್ಪಿಗೆನಾ’ ಅಂದರೆ ಪರದೆಯ ಕಡೆಯಿಂದ ಯಾರೂ ಉಸಿರೆತ್ತುವುದಿಲ್ಲ. ರೂಮಿನ ಒಬ್ಬರಿಗೆ ಚಾಟ್ ನೋಡುವ ಕೆಲಸ ವಹಿಸಿ, ವಾರಕ್ಕೊಬ್ಬರಂತೆ. ಕಾಗದ ಹಿಡಿದು ‘ಇಲ್ಲಿ ನೋಡಿ’ ಅನ್ನುವುದು ನಿಲ್ಲಲಿ, ಸ್ಕ್ರೀನ್ ಹಂಚಿ. ಬೋರ್ಡ್ ಮೇಲೆ ಬರೆಯುವುದೇ ಆದರೆ ಒಂದು ಫೋನನ್ನು ಆಡಿಯೋ ಇಲ್ಲದೆ ಮೀಟಿಂಗಿಗೆ ಸೇರಿಸಿ, ಹಿಂದಿನ ಕ್ಯಾಮೆರಾವನ್ನು ಬೋರ್ಡಿಗೆ ತಿರುಗಿಸಿ ಸ್ಟ್ಯಾಂಡಿಗೆ ಕೂರಿಸಿ.

ಉಚಿತ ಖಾತೆಯಾದರೆ ಜೂಮ್ 40 ನಿಮಿಷಕ್ಕೆ, ಮೂರು ಜನಕ್ಕಿಂತ ಕಮ್ಮಿಯಿಲ್ಲದ ಮೀಟ್ 60 ನಿಮಿಷಕ್ಕೆ ಕತ್ತರಿಸುತ್ತದೆ. ನನ್ನನ್ನು ಕೇಳಿದರೆ 40 ನಿಮಿಷದ ಗಡುವು ಒಳ್ಳೆಯದೇ. 35ಕ್ಕೆ ಮಾತು ನಿಲ್ಲಿಸಿ, ಯಾರು ಏನು ಯಾವತ್ತಿನೊಳಗೆ ಮಾಡಬೇಕು ಅನ್ನುವುದನ್ನು ಎಲ್ಲರ ಕಣ್ಣೆದುರೇ ಚಾಟಿನಲ್ಲಿ ಟೈಪ್ ಮಾಡಿ, ಕರೆ ಮುಗಿಯುವ ಮೊದಲೇ ಅದನ್ನು ಕಾಪಿ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿ.